ಅಕ್ಕನ ರಕ್ತದ ಕಬ್ಬಿಣ

ಪ್ಲಾಟಿನಂ ಮೇಲೆ ಕಾರ್ಬನ್ ಮಾನಾಕ್ಸೈಡಿನ ಅಣು ಬಂದು ಕೂತಾಗ ಎಲೆಕ್ಟ್ರಾನುಗಳು ಏನು ಮಾಡುತ್ತವೆ ಎಂಬುದು ಮೈಸೂರಿನಲ್ಲಿ ನಾನು ಮಾಡುತ್ತಿದ್ದ ಸಂಶೋಧನೆ. ಅಣು ಲೋಹಕ್ಕೆ ಒಂದಿಷ್ಟು ಎಲೆಕ್ಟ್ರಾನು ಕೊಡುತ್ತದೆ, ಲೋಹ ಒಂದಿಷ್ಟನ್ನು ವಾಪಸು ಕೊಡುತ್ತದೆ. ಕೊಟ್ಟು ತೆಗೆದುಕೊಂಡಷ್ಟೂ ಹಿಡಿತ ಬಿಗಿ. ಬಿಡಿಸಬೇಕೆಂದರೆ ಲೋಹವನ್ನೇ ಕಾಯಿಸಬೇಕು. ಊರಲ್ಲಿ ಯಾರಾದರೂ ಕೇಳಿದರೆ ‘ಕೆಮಿಸ್ಟ್ರಿ’ ಎಂದು ಮುಗಿಸಿಬಿಡುತ್ತಿದ್ದೆ.

ಆ ಭಾನುವಾರ ಮದ್ದೂರಿನ ಅಕ್ಕನ ಮನೆಯಲ್ಲಿದ್ದೆ. ಚಳಿಯೆಂದು ಬಚ್ಚಲಿನ ಕಿಟಕಿಗೆ ರಟ್ಟು ಒತ್ತಿ, ಗ್ಯಾಸ್ ಗೀಸರ್ ಹಚ್ಚಿಕೊಂಡು ಅಕ್ಕ ತಲೆಗೆ ನೀರು ಹಾಕಿಕೊಳ್ಳಲು ಹೋದಳು. ಎಷ್ಟು ಹೊತ್ತಾದರೂ ನೀರು ಸುರಿಯುವ ಸದ್ದು ನಿಲ್ಲಲಿಲ್ಲ. ಕರೆದರೆ ಉತ್ತರವಿಲ್ಲ. ಭಾವ ಬಾಗಿಲು ಒದ್ದು ಒಳಗೆ ನುಗ್ಗಿದರು. ಅಕ್ಕ ಗೋಡೆ ಮಗ್ಗುಲಲ್ಲಿ ಕುಸಿದಿದ್ದಳು.

ಸದ್ದಿಗೆ ಓಡಿಬಂದ ಪಕ್ಕದ ಮನೆಯಾಕೆ, “ಬಿಸ್ನೀರ್ಗೆ ತಲೆ ಸುತ್ತೈತೆ ಕಣವ್ವ, ಈರುಳ್ಳಿ ಮೂಸ್ಸು” ಎಂದರು.

“ಗ್ಯಾಸು ಕಣಮ್ಮ! ಮೊದ್ಲು ಆಚೀಗ್ ಎತ್ತಿ!” ಎಂದು ಕಿರುಚಿದೆ.

ಹತ್ತಿರದ ನರ್ಸಿಂಗ್ ಹೋಮಿನ ಡಾಕ್ಟರು ಅಕ್ಕನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರು. ತೊಂಬತ್ತೊಂಬತ್ತು ತೋರಿಸಿತು. “ಆಕ್ಸಿಜನ್ ಚೆನ್ನಾಗಿದೆಯಲ್ಲಮ್ಮ, ಡ್ರಿಪ್ ಹಾಕಿ ನೋಡೋಣ” ಎಂದರು.

“ಇಲ್ಲ ಸರ್, ಆ ಮಿಷನ್ನು ರಕ್ತದ ಕೆಂಪು ನೋಡುತ್ತೆ ಅಷ್ಟೇ. ಗೀಸರಿನ ಕಾರ್ಬನ್ ಮಾನಾಕ್ಸೈಡು ರಕ್ತದಲ್ಲಿರೋ ಕಬ್ಬಿಣಕ್ಕೆ ಅಂಟಿಕೊಂಡರೂ ರಕ್ತ ಕೆಂಪಗೇ ಇರುತ್ತೆ. ಪೂರ್ತಿ ಆಕ್ಸಿಜನ್ ಕೊಡಿ, ಈಗಲೇ ಕೊಡಿ.”

ಭಾವ ಡಾಕ್ಟರ ಎರಡೂ ಕೈ ಹಿಡಿದುಕೊಂಡರು. “ಅವ್ಳು ಇದ್ನೇ ಓದ್ತಿರದು ಸಾ. ಅವ್ಳು ಯೋಳ್ದಂಗ್ ಮಾಡಿ. ನಿಮ್ ಕಾಲ್ ಇಡ್ಕತೀನಿ.”

ಡಾಕ್ಟರು ನನ್ನ ಮುಖ ನೋಡಿದರು. ಆಕ್ಸಿಜನ್ ಮಾಸ್ಕ್ ತರಿಸಿದರು.

ಆಂಬುಲೆನ್ಸಿನಲ್ಲಿ ಮಂಡ್ಯದ ದೊಡ್ಡಾಸ್ಪತ್ರೆ ಮುಟ್ಟುವವರೆಗೂ ಆ ಮಾಸ್ಕನ್ನು ಅಕ್ಕನ ಮುಖಕ್ಕೆ ಒತ್ತಿ ಹಿಡಿದಿದ್ದೆ. ರಕ್ತವನ್ನು ಪ್ಲಾಟಿನಮ್ಮಿನಂತೆ ಕಾಯಿಸಲಾಗುವುದಿಲ್ಲ. ಆಕ್ಸಿಜನ್ ನುಗ್ಗಿ ನುಗ್ಗಿ ವಿಷದ ಅಣುಗಳನ್ನು ಒಂದೊಂದಾಗಿ ತಳ್ಳಬೇಕು. ಎಷ್ಟು ನಿಧಾನವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರದಿದ್ದರೆ ಅಮ್ಮನ ಹಾಗೆ ದೇವರಿಗೆ ಹರಕೆಯನ್ನಾದರೂ ಕಟ್ಟಿಕೊಳ್ಳುತ್ತಿದ್ದೆ.

ಅಕ್ಕ ಬದುಕಿದಳು. ಮತ್ತೆ ಮಳವಳ್ಳಿಯ ಶಾಲೆಗೆ ಪಾಠ ಮಾಡಲು ಹೋದಳು. ಕೆಲವೇ ವಾರಗಳಲ್ಲಿ, ನಾನು ಅವಳ ಮನೆಗೆ ಬಂದಿದ್ದ ಒಂದು ಸಂಜೆ, ಬಸ್ಸಿಳಿದು ಬಂದವಳೇ ಬ್ಯಾಗು ಕೂಡ ಇಳಿಸದೆ ಕೂತುಬಿಟ್ಟಳು.

“ಮಗ್ಗಿ ಅರ್ಧಕ್ಕೇ ನಿಂತೋಯ್ತು ಕಣೆ. ಮಕ್ಳೆಲ್ಲಾ ಸುಮ್ನೆ ನನ್ನೇ ನೋಡ್ತಾ ಕೂತಿದ್ವು.”

ವಿಷ ರಕ್ತ ಬಿಟ್ಟು ಹೋದ ಮೇಲೂ ಕೆಲವರಿಗೆ ವಾರಗಳ ನಂತರ ಹೀಗೆ ಮರೆವು ಶುರುವಾಗುತ್ತದೆ ಎಂದರು ಮಂಡ್ಯದ ಡಾಕ್ಟರು. ಆಮೇಲೆ ಅವಳು ಶಾಲೆಗೆ ಹೋಗಲಿಲ್ಲ. ನಾನು ಲ್ಯಾಬಿಗೆ ಹೋಗುತ್ತೇನೆ, ಅದೇ ಅನಿಲವನ್ನು ಅದೇ ಲೋಹದ ಮೇಲೆ ಬಿಡುತ್ತೇನೆ. ರಜೆಗೆ ಹೋದಾಗ ಅಕ್ಕ ಸಾರಿನ ಮುಂದೆ ನಿಂತು, “ಉಪ್ಪು ಹಾಕಿದ್ನೇನೆ?” ಎನ್ನುತ್ತಾಳೆ. ಹಾಕಿದೀಯ ಎನ್ನುತ್ತೇನೆ. ತಲೆಯಾಡಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳುತ್ತಾಳೆ.