ಮಲ್ಲಿಗೆ ಕಟ್ಟುವ ಹೆಬ್ಬೆರಳು

ಭಟ್ಕಳದ ಮಲ್ಲಿಗೆಗೆ ಊರೂರಲ್ಲಿ ಹೆಸರು. ನಮ್ಮ ಹಿತ್ತಿಲಲ್ಲೂ ಒಂದಿಷ್ಟು ಗಿಡ ಇವೆ, ಮಾರುವಷ್ಟಲ್ಲ, ದೇವರಿಗಾಗುವಷ್ಟು. ನವರಾತ್ರಿಯ ನವಮಿಯ ದಿನ ಕೇರಿಯ ದೇವಿಗೆ ಹಾಕುವ ದಂಡೆ ನಮ್ಮ ಮನೆಯಿಂದಲೇ ಹೋಗಬೇಕು. ಮೊದಲು ಅತ್ತೆ ಕಟ್ಟುತ್ತಿದ್ದರು. ಅವರು ಹೋದ ಮೇಲೆ ನಾನು.

ಹೋದ ವರ್ಷ ಶ್ರಾವಣದಲ್ಲಿ ಬಲಗೈ ಹೆಬ್ಬೆರಳಿನ ಬುಡ ನೋಯಲು ಶುರುವಾಯಿತು. ಹೊನ್ನಾವರದ ಫಿಜಿಯೋಥೆರಪಿ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಮಳೆಯಲ್ಲಿ ಈಗಲೇ ಬರುವುದು ಬೇಡ, ಮೊದಲು ನೀವೇ ಪರೀಕ್ಷೆ ಮಾಡಿಕೊಳ್ಳಿ ಎಂದು ವಿಡಿಯೋದಲ್ಲಿ ತೋರಿಸಿಕೊಟ್ಟರು: ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಬೇಕು, ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳಿನ ಕಡೆ ಬಗ್ಗಿಸಬೇಕು, ಇನ್ನೊಂದು ಕೈಗೂ ಹಾಗೇ ಮಾಡಿ ಹೋಲಿಸಿ ನೋಡಬೇಕು. ಸಂಜೆ ತಿಳಿಸಿ ಎಂದರು.

ಮಾಡಿದೆ. ಬಲಗೈ ಚುಳುಕ್ಕೆಂದಿತು. ಎಡಗೈಯೂ ಚುಳುಕ್ಕೆಂದಿತು. ನನಗೆ ಸಮಾಧಾನವೇ ಆಯಿತು. ಎರಡೂ ಒಂದೇ ಥರ ಇದ್ದ ಮೇಲೆ ಕೈ ಇರುವುದೇ ಹೀಗೆ, ಕಾಯಿಲೆ ಎಂಥದ್ದು? ನವಮಿಗೆ ತೊಂದರೆ ಇಲ್ಲ ಎಂದು ದೇವಿಗೆ ಕೈಮುಗಿದೆ.

ಅಷ್ಟರಲ್ಲಿ ಶಾಲೆಯಿಂದ ನನ್ನ ನಾದಿನಿ ಬಂದಳು. ಅವಳು ಟೀಚರು, ನಮ್ಮ ಜತೆಗೇ ಇರುವವಳು. ಮುಷ್ಟಿ ಕಟ್ಟಿ ಕೂತ ನನ್ನನ್ನು ನೋಡಿ, "ಎಂತ ಅತ್ತಿಗೆ, ಅಣ್ಣಂಗೆ ಗುದ್ದೂಕೆ ತಯಾರಿಯಾ?" ಎಂದಳು. ವಿಷಯ ಹೇಳಿದೆ. ತಾನೂ ಮುಷ್ಟಿ ಕಟ್ಟಿ ಮಣಿಕಟ್ಟು ಬಗ್ಗಿಸಿದಳು. ಸರಾಗ ಬಗ್ಗಿತು, ಎರಡೂ ಕೈ. ಮುಖ ಒಂಚೂರೂ ಕಿವುಚಲಿಲ್ಲ.

ಅವಳು ಹೂ ಕಟ್ಟುವವಳಲ್ಲ. ನಾನೋ ಎಡ ಹೆಬ್ಬೆರಳಲ್ಲಿ ಬಾಳೆನಾರು ಒತ್ತಿ ಹಿಡಿದು, ಬಲಗೈಯಲ್ಲಿ ಸುತ್ತಿ ಬಿಗಿಯುವವಳು. ದುಡಿದದ್ದು ಎರಡೂ ಕೈ. ಒಂದು ನೋವಿನ ಕೈಯನ್ನು ಇನ್ನೊಂದು ನೋವಿನ ಕೈಗೆ ಹೋಲಿಸಿ ಎರಡೂ ಸರಿ ಎಂದುಕೊಂಡಿದ್ದೆ.

ಹೇಳಿದರೆ ಡಾಕ್ಟರಮ್ಮ ಹೂ ಕಟ್ಟುವುದು ಬಿಡಿಸುತ್ತಾರೆ, ದಂಡೆ ತಪ್ಪುತ್ತದೆ ಎಂಬ ಹೆದರಿಕೆ. ಆದರೆ ದೀಪ ಹಚ್ಚಿದ ಮೇಲೆ ಸುಳ್ಳಾಡಲು ಬಾಯಿ ಬರಲಿಲ್ಲ. ಅವರಿಗೆ ಫೋನ್ ಮಾಡಿ, ಎರಡೂ ಕೈ ನೋವಿದೆ, ಶಕ್ತಿಗೆ ಮಾತ್ರ ಕಮ್ಮಿ ಇಲ್ಲ, ತುಂಬಿದ ಕೊಡ ಎತ್ತುತ್ತೇನೆ ಎಂದೆ.

ಮಳೆ ಬಿಟ್ಟ ದಿನ ಹೊನ್ನಾವರಕ್ಕೆ ಕರೆಸಿ ಅವರೇ ಮುಟ್ಟಿ ನೋಡಿದರು. ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲೇ ನರ ಬಾತಿತ್ತು, ಎರಡೂ ಕಡೆ. ಆಮೇಲೆ ಒಂದು ಕಾಗದವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಬಿಗಿಯಾಗಿ ಹಿಡಿಯಲು ಹೇಳಿ ಎಳೆದರು. ಸುಲಭವಾಗಿ ಜಾರಿ ಹೋಯಿತು. ನಾನು ಬೆಪ್ಪಾದೆ.

"ಕೊಡ ಎತ್ತೋದು ತೋಳು, ಅಮ್ಮಾ. ನೋವು ಎಲ್ಲಿದೆ ಅನ್ನೋದನ್ನ ಸರಿಯಾಗಿ ಹೇಳಿದ್ರಿ. ಶಕ್ತಿ ಎಷ್ಟು ಹೋಗಿದೆ ಅಂತ ನಮಗೆ ನಾವೇ ಅಳೆಯೋದು ಕಷ್ಟ," ಎಂದರು. ಬೇಗ ಹೇಳಿದ್ದಕ್ಕೆ ಪಟ್ಟಿ ಕಟ್ಟಿ, ಕೈಗೆ ವಿಶ್ರಾಂತಿ ಕೊಟ್ಟರೆ ಸಾಕು, ನವಮಿಯ ಹೊತ್ತಿಗೆ ನೋಡೋಣ ಎಂದೂ ಹೇಳಿದರು. ಅದು ನನಗೆ ಸಿಕ್ಕ ದೊಡ್ಡ ಪ್ರಸಾದ.

ಅಲ್ಲಿಯವರೆಗೆ ಪ್ರತಿ ಶುಕ್ರವಾರದ ಪೂಜೆಗೆ ಹೂ ಕಟ್ಟುವುದು ನಾದಿನಿಯ ಪಾಲಾಯಿತು. ಅವಳ ದಂಡೆಯಲ್ಲಿ ಹೂವಿಗಿಂತ ಸಂದು ಜಾಸ್ತಿ. ಕೇಳಿದರೆ, "ದೇವರಿಗೆ ಉಸಿರಾಡೂಕೆ ಜಾಗ ಬೇಡ್ವಾ ಅತ್ತಿಗೆ?" ಎನ್ನುವಳು.

ನವಮಿಯ ಬೆಳಿಗ್ಗೆ ಮೊದಲು ಆ ಕಾಗದದ ಪರೀಕ್ಷೆ ಮಾಡಿದೆ. ನನ್ನನ್ನು ನಂಬದೆ ಎಳೆಯಲು ನಾದಿನಿಗೇ ಹೇಳಿದೆ. ಅವಳು ಎಳೆದಳು. ಕಾಗದ ಹರಿಯಿತು, ಜಾರಲಿಲ್ಲ.

"ಆತು, ಕಟ್ಟು," ಎಂದಳು.

ನಡುನಡುವೆ ಕೈಗೆ ಬಿಡುವು ಕೊಟ್ಟು ಕಟ್ಟಿದೆ. ದಂಡೆ ಪ್ರತಿವರ್ಷಕ್ಕಿಂತ ಒಂದು ಗೇಣು ಗಿಡ್ಡ. ಭಟ್ಟರು ತೊಡಿಸಿದಾಗ ಅದು ದೇವಿಯ ಎದೆಯವರೆಗೆ ಮಾತ್ರ ಬಂತು. ಆದರೆ ಅಷ್ಟುದ್ದದಲ್ಲಿ ಎಲ್ಲೂ ಒಂದು ಸಂದೂ ಇರಲಿಲ್ಲ.