ಮೆಷಿನ್ ಆರಿಸುವ ಯಜಮಾನರು

ನಮ್ಮ ಪ್ರೆಸ್ಸಿನ ಯಜಮಾನರು ಆರು ವರ್ಷದಿಂದ ಡಿಜಿಟಲ್ ಮೆಷಿನ್ ಆರಿಸುತ್ತಲೇ ಇದ್ದಾರೆ. ಬೀಗರ ಮನೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ತೊಟ್ಟು, ಬೈಂಡಿಂಗ್ ಮಾಡುವ ನನ್ನನ್ನೂ ಎಳೆದುಕೊಂಡು ಶೋರೂಮಿಗೆ ಹೋಗುತ್ತಾರೆ. ಅಚ್ಚಾದ ಹಾಳೆಯನ್ನು ಮೂಸುತ್ತಾರೆ, ಉಗುರಿನಲ್ಲಿ ಕೆರೆಯುತ್ತಾರೆ, ಮಡಿಸಿ ನೋಡಿ “ಮಡಿಕೇಲಿ ಬಣ್ಣ ಬಿರೀತಲ್ಲಪ್ಪಾ, ಬರೋ ವರ್ಷ ಇನ್ನೂ ಒಳ್ಳೇದು ಬರುತ್ತೆ” ಎಂದು ಅಲ್ಲಿನ ಕಾಫಿ ಕುಡಿದು ಎದ್ದುಬರುತ್ತಾರೆ. ಇವರ ತಲೆ ಕಂಡರೆ ಸೇಲ್ಸಿನವರಿಗೆ ಹತ್ತು ಗಂಟೆಗೇ ಊಟದ ಹೊತ್ತಾಗುತ್ತದೆ. ಪರೀಕ್ಷೆಗೆ ಒಯ್ಯುವುದು ಮಾತ್ರ ಯಾವಾಗಲೂ ಒಂದೇ ಪುಟ, ಅವರ ಅಕ್ಕ ಬರೆದ ಪದ್ಯ. ನೆಂಟರಿಷ್ಟರಿಗೆ ಕೊಡಲು ಐವತ್ತು ಪುಸ್ತಕ ಹಾಕಿಕೊಡೋ ಎಂದು ಅಕ್ಕ ಕೇಳಿದಾಗ ಇವರು, “ಐವತ್ತಕ್ಕೆಲ್ಲ ಹಳೇ ಮೆಷಿನ್ ಬಾಯೇ ತೆರೆಯಲ್ಲ ಕಣಕ್ಕಾ, ಡಿಜಿಟಲ್ ಬರಲಿ, ಮೊದಲ ಕೆಲಸ ನಿಂದೇ” ಎಂದಿದ್ದರು. ಅಕ್ಕ ಹೋಗಿ ನಾಲ್ಕು ವರ್ಷವಾಯಿತು. ಮೊನ್ನೆ ಒಂದು ಶೋರೂಮಿನಲ್ಲಿ ಆ ಪುಟದ ಬಣ್ಣ ಕೆರೆದರೂ ಏಳಲಿಲ್ಲ, ಮಡಿಸಿದರೂ ಬಿರಿಯಲಿಲ್ಲ. ಯಜಮಾನರು ಕನ್ನಡಕ ಒರೆಸಿಕೊಂಡು ಒಂದು ಸಾಲಿನ ಮೇಲೆ ಬೆರಳಿಟ್ಟರು: “ಇದು ‘ಮನ’ವೋ ‘ಮನೆ’ಯೋ?” “ನೀವು ತಂದ ಫೈಲಿನಲ್ಲಿ ‘ಮನ’ ಅಂತಲೇ ಇದೆ ಸಾರ್, ಬರೆದವರನ್ನೇ ಒಂದು ಮಾತು ಕೇಳಿಬಿಡಿ,” ಎಂದಳು ಸೇಲ್ಸಿನವಳು. ಯಜಮಾನರು ಪುಟ ಮಡಿಸಿ ಜೇಬಿಗಿಟ್ಟುಕೊಂಡರು. “ಕೇಳಬೇಕಿತ್ತು ಕಣಮ್ಮಾ,” ಎಂದರು.