ಕರ್ನಲ್ ದಾಟಿಸಿದ ಹೆಸರು

ಇದಕ್ಕೆ ನನ್ನ ಜೊತೆ ಇನ್ನೊಬ್ಬಳು ಸಾಕ್ಷಿ ಇದ್ದಾಳೆ. ಅವಳಿಲ್ಲದಿದ್ದರೆ ಬರೆಯುತ್ತಿರಲಿಲ್ಲ, ನನ್ನ ತಲೆಯೇ ಕೆಟ್ಟಿತ್ತು ಎಂದುಕೊಂಡು ಸುಮ್ಮನಿರುತ್ತಿದ್ದೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ. ಕಾಣದ್ದನ್ನು ಸೇರಿಸುವುದಿಲ್ಲ.

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಆ ಸಂಜೆ ಬಂಟ್ವಾಳದ ರಝಿಯಾ ಎಂಬ ಕೊನೆಯ ವರ್ಷದ ವಿದ್ಯಾರ್ಥಿನಿ ಪ್ರಾಜೆಕ್ಟ್ ಮುಗಿಸಲು ಕುಳಿತಿದ್ದಳು. ತಾನೇ ಒಂದು ಪುಟ್ಟ ಕರ್ನಲ್ ಬರೆದಿದ್ದಳು. ಯಂತ್ರ ಎಚ್ಚರಗೊಳ್ಳುವಾಗ ಎಲ್ಲಕ್ಕಿಂತ ಮೊದಲು ಏಳುವ ಪ್ರೋಗ್ರಾಮ್ ಅದು. ಏಳುವಾಗಲೇ ಅದಕ್ಕೊಂದು ಸಾಲು ಆದೇಶ ಕೊಡುತ್ತೇವೆ. ಅದು ಸಾಲನ್ನು ಪದಪದವಾಗಿ ಬಿಡಿಸಿ, ಗೊತ್ತಿರುವ ಪದಗಳಂತೆ ನಡೆದುಕೊಳ್ಳುತ್ತದೆ. ಗೊತ್ತಿಲ್ಲದ ಪದವನ್ನು ಎಸೆಯುವುದಿಲ್ಲ... ತನ್ನ ನಂತರ ಏಳುವ ಪ್ರೋಗ್ರಾಮಿಗೆ ದಾಟಿಸುತ್ತದೆ.

ರಝಿಯಾಳ ಕರ್ನಲ್ಲಿನ ನಂತರ ಏಳಲು ಯಾರೂ ಇರಲಿಲ್ಲ. ಆ ಭಾಗವನ್ನು ಅವಳು ಇನ್ನೂ ಬರೆದೇ ಇರಲಿಲ್ಲ. ಹಾಗಾಗಿ ಗೊತ್ತಿಲ್ಲದ ಪದ ಕೊಟ್ಟರೆ, ತೆಗೆದುಕೊಳ್ಳುವವರಿಲ್ಲ ಎಂದು ತೋರಿಸಿ ನಿಂತುಬಿಡಬೇಕು. ಅದನ್ನೇ ಪರೀಕ್ಷಿಸುವುದಿತ್ತು.

"ಸರ್, ಅದಕ್ಕೆ ಗೊತ್ತಿಲ್ಲದ ಒಂದು ಪದ ಹೇಳಿ."

ಆಗಷ್ಟೇ ತಮ್ಮ ಫೋನ್ ಮಾಡಿದ್ದ. ಅವನಿಗೆ ಪಂಪ್ ರಿಪೇರಿಯ ಕೆಲಸ. ವೇಣೂರಿನಿಂದ ಬೈಕಿನಲ್ಲಿ ಹೊರಟಿದ್ದ. ನನ್ನನ್ನು ಹತ್ತಿಸಿಕೊಂಡು ಬೆಳುವಾಯಿಯ ಮನೆಗೆ ಹೋಗುವುದಿತ್ತು. ಬಾಯಿಗೆ ಅವನ ಹೆಸರೇ ಬಂತು.

"ದೂಮು ಅಂತ ಹಾಕು."

"ಅದೆಂಥದ್ದು ಸರ್?"

"ನನ್ನ ತಮ್ಮ. ಅವನ ಪರಿಚಯ ಯಾವ ಕಂಪ್ಯೂಟರಿಗೂ ಇರ್ಲಿಕ್ಕಿಲ್ಲ."

ರಝಿಯಾ ನಗುತ್ತಾ ಸಾಲಿನ ಕೊನೆಯಲ್ಲಿ ಹೆಸರು ಹೊಡೆದು ಯಂತ್ರ ಎಬ್ಬಿಸಿದಳು. ತೆರೆಯ ಮೇಲೆ ಗೊತ್ತಿರುವ ಪದಗಳು ಒಂದೊಂದಾಗಿ ಸರಿದುಹೋದವು. ಗೊತ್ತಿಲ್ಲದ ಪದ, ದೂಮು. ದಾಟಿಸಲಾಗಿದೆ... ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು ಸಾಲು: ಸ್ವೀಕರಿಸಲಾಗಿದೆ.

"ಯಾರು ಸ್ವೀಕರಿಸಿದ್ದು ಮಾರಾಯ್ತಿ?"

"ನನ್ನದೇ ಏನೋ ತಪ್ಪುಂಟು ಸರ್. ಇನ್ನೊಮ್ಮೆ ನೋಡುವ."

ಎರಡನೆಯ ಸಲವೂ ಹಾಗೆಯೇ. ಕಿಟಕಿಗಳು ಮುಚ್ಚಿದ್ದವು, ಎಸಿ ಓಡುತ್ತಿತ್ತು. ಆದರೂ ಹೊಳೆಯ ಕೆಸರಿನ ವಾಸನೆ... ಮೊದಲು ಹೇಳಿದ್ದು ನಾನಲ್ಲ, ಅವಳು.

ಅವಳು ಬರೆದದ್ದನ್ನು ಸಾಲುಸಾಲಾಗಿ ಓದಿದಳು. ದನಿ ಇಳಿದಿತ್ತು.

"ಹೀಗೆ ಬರಬೇಕಾದ್ರೆ ಅತ್ತ ಕಡೆಯಿಂದ ಉತ್ತರ ಬರ್ಬೇಕು ಸರ್. ಅತ್ತ ಕಡೆ ಯಾರೂ ಇಲ್ಲ."

"ಕೊನೆಗೊಮ್ಮೆ ಹಾಕು."

ಮೂರನೆಯ ಸಲ ಉತ್ತರ ತಡೆಯಲೇ ಇಲ್ಲ. ಕಾದು ಕುಳಿತವರ ಹಾಗೆ ತಕ್ಷಣ ಬಂತು. ರಝಿಯಾ ಪ್ಲಗ್ಗನ್ನೇ ಕಿತ್ತಳು.

ದೂಮು ಬರಲಿಲ್ಲ. ಅವನ ಫೋನ್ ರಿಂಗಾಗುತ್ತಿತ್ತು, ಎತ್ತುವವರಿರಲಿಲ್ಲ. ರಝಿಯಾಳನ್ನು ಹಾಸ್ಟೆಲ್ ಗೇಟಿನವರೆಗೆ ಬಿಟ್ಟು, ಪರಿಚಯದ ರಿಕ್ಷಾದಲ್ಲಿ ವೇಣೂರಿನ ದಾರಿ ಹಿಡಿದೆ.

ಸೇತುವೆಯ ಹತ್ತಿರ ಅವನ ಬೈಕ್ ನಿಂತಿತ್ತು. ಎಂಜಿನ್ ಓಡುತ್ತಿತ್ತು. ಹೆಡ್‌ಲೈಟಿನ ಬೆಳಕು ಹೊಳೆಗೆ ಬಿದ್ದಿತ್ತು. ಆ ಬೆಳಕಿನಲ್ಲಿ, ಸೊಂಟದವರೆಗಿನ ನೀರಿನಲ್ಲಿ, ನನ್ನ ತಮ್ಮ ಬೆನ್ನು ಹಾಕಿ ನಡೆಯುತ್ತಿದ್ದ. ಅವನಿಗೆ ಈಜು ಬಾರದು.

"ದೂಮೂ!" ಎಂದು ಕೂಗಿದೆ. ತಿರುಗಲಿಲ್ಲ... ಇನ್ನೊಂದು ಹೆಜ್ಜೆ ಮುಂದಿಟ್ಟ. ಮತ್ತೆ ಕೂಗಿದೆ. ಮತ್ತೊಂದು ಹೆಜ್ಜೆ. ನೀರು ಎದೆಗೆ ಬಂತು.

"ಕರೀಬೇಡಿ ಮಾರಾಯ್ರೆ, ಹಿಡೀರಿ!" ಎಂದು ರಿಕ್ಷಾದವನು ನೀರಿಗೆ ಹಾರಿದ.

ಇಬ್ಬರೂ ಸೇರಿ ಎಳೆದು ತಂದೆವು. ದಡದಲ್ಲಿ ಕುಳಿತ ದೂಮು ನನ್ನನ್ನೇ ನೋಡಿ, "ದಾಯೆಗ್ ಲೆತ್ತ?" ಅಂದ. ಯಾಕೆ ಕರೆದೆ ಎಂದು.

"ನೀನು ನೀರಿಗಿಳಿದದ್ದು ನೋಡಿ ಕರೆದೆ. ಈಗಷ್ಟೇ ಬಂದದ್ದು."

"ಈಗ ಅಲ್ಲ, ಆಗ, ಬೈಕಿನಲ್ಲಿ ಬರುವಾಗ. ಎರಡು ಸಲ ಕರೆದಾಗ ನಾನು ಓ ಅನ್ಲಿಲ್ಲ. ಮೂರನೇ ಸಲವೂ ಕರೆದೆಯಲ್ಲ... ಹಾಗಾದ್ರೆ ಮನುಷ್ಯರೇ ಅಂತ ಓ ಅಂದೆ."

ಕತ್ತಲೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲೆರಡು ಕರೆಗೆ ಓಗೊಡಬಾರದು, ಮನುಷ್ಯರಲ್ಲದ್ದು ಮೂರನೆಯ ಸಲ ಕರೆಯುವುದಿಲ್ಲ ಎಂದು ನಮ್ಮಲ್ಲಿ ಮಕ್ಕಳಿಗೆ ಹೇಳಿಕೊಟ್ಟಿರುತ್ತಾರೆ. ಅವನು ಕಲಿತದ್ದನ್ನೇ ಪಾಲಿಸಿದ್ದ. ಲ್ಯಾಬಿನಲ್ಲಿ ನಡೆದದ್ದನ್ನು ನಾನು ಅವನಿಗೆ ಇಂದಿಗೂ ಹೇಳಿಲ್ಲ.

ರಝಿಯಾ ಆ ಭಾಗವನ್ನು ಬದಲಿಸಿದಳು. ಅವಳ ಕರ್ನಲ್ ಈಗ ಗೊತ್ತಿಲ್ಲದ ಪದವನ್ನು ಯಾರಿಗೂ ದಾಟಿಸುವುದಿಲ್ಲ. ಯಾಕೆ ಎಂದು ಪರೀಕ್ಷಕರು ಕೇಳಿದಾಗ, ಸುರಕ್ಷತೆಗೆ ಎಂದಳಂತೆ.

ದೂಮು ಮೊದಲಿನಂತೆಯೇ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಹೆಗಲು ಮುಟ್ಟುತ್ತೇವೆ. ಆದರೂ ಕೆಲವು ರಾತ್ರಿ ಊಟದ ಮಧ್ಯೆ ಅವನು ತಲೆಯೆತ್ತಿ ಅಂಗಳದ ಕಡೆ ಕಿವಿಗೊಡುತ್ತಾನೆ... ಓ ಅನ್ನಲು ತುಟಿ ಬಿಡಿಸುತ್ತಾನೆ. ಅಮ್ಮ ಎಂಜಲು ಕೈಯಿಂದಲೇ ಅವನ ಬಾಯಿ ಮುಚ್ಚುತ್ತಾಳೆ.

ನಿನ್ನೆ ಅವಳ ಕೈ ತಲುಪುವುದು ತುಸು ತಡವಾಯಿತು.